ಅಬರ್‌ಫೆಲ್ಡಿ: ಟೇ ನದಿಯ ಒಂದು ಸೇತುವೆ
ಸ್ಕಾಟ್ಲೆಂಡಿನ ಪರ್ತ್‌ಷೈರಿನಲ್ಲಿ ಟೇ ನದಿಯ ದಡದಲ್ಲಿರುವ ಅಬರ್‌ಫೆಲ್ಡಿ ಎಂಬ ಸಣ್ಣ ಪಟ್ಟಣದ ಚರಿತ್ರೆಯನ್ನು ಅದರ ಸೇತುವೆಯಿಂದಲೇ ಆರಂಭಿಸುವುದು ಯುಕ್ತ. 1715ರ ಜಾಕೊಬೈಟ್ ದಂಗೆಯ ತರುವಾಯ ಉತ್ತರದ ಮಲೆನಾಡನ್ನು ಹತೋಟಿಯಲ್ಲಿಡಲು ಸೇನಾನಿ ಜಾರ್ಜ್ ವೇಡನು ರಸ್ತೆಗಳನ್ನು ಮಾಡಿಸಿದನು. ವಿಲಿಯಂ ಆಡಮನ ವಿನ್ಯಾಸದಂತೆ ಐದು ಕಮಾನುಗಳ ಈ ಕಲ್ಲುಸೇತುವೆಯ ಕೆಲಸ 1733ರಲ್ಲಿ ಮೊದಲಾಯಿತು. ವಿಪರ್ಯಾಸವೆಂದರೆ, 1745ರಲ್ಲಿ ದಂಗೆಕೋರರೇ ವೇಡನ ರಸ್ತೆಗಳಲ್ಲಿ ದಂಡು ನಡೆಸಿದರು. ಯಾರನ್ನು ತಡೆಯಲೆಂದು ಹಾದಿ ಕಡಿದರೋ ಅವರಿಗೇ ಅದು ಒದಗಿತು!

ಬ್ಲ್ಯಾಕ್ ವಾಚ್ ದಂಡು 1740ರಲ್ಲಿ ಮೊದಲು ಕೂಡಿದುದು ಈ ಊರಿನ ಸಮೀಪದಲ್ಲಿಯೇ. ಅದರ ಎರಡನೆಯ ದಳವು 1783-84ರಲ್ಲಿ ಮಂಗಳೂರು ಕೋಟೆಯಲ್ಲಿ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿದ್ದುದನ್ನು ನಮ್ಮ ವಿದ್ಯಾರ್ಥಿಗಳು ಇಲ್ಲಿ ನೆನೆಯಬಹುದು.

1865ರಲ್ಲಿ ಬ್ಯಾಲಿನ್‌ಲೂಯಿಗ್‌ನಿಂದ ಕವಲು ರೈಲುಮಾರ್ಗ ಬಂದಿತು, 1965ರಲ್ಲಿ ಮುಚ್ಚಿಹೋಯಿತು. ವೇಡನ ಸೇತುವೆಯ ಮೇಲೆ ಮಾತ್ರ ವಾಹನಗಳು ಇಂದಿಗೂ ಸಾಗುತ್ತಿವೆ.