ಮನೆಯಲ್ಲಿ ಎಷ್ಟು ಓಟು?

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯ ಬಗ್ಗೆ ಬರೆದವರೆಲ್ಲ ಅದರ ಗಾತ್ರಕ್ಕೆ ಬೆರಗಾಗಿಯೇ ಬರೆದಿದ್ದಾರೆ. 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ ನಡೆದ ಆ ಚುನಾವಣೆಯಲ್ಲಿ ಹದಿನೇಳು ಕೋಟಿಗೂ ಮಿಕ್ಕಿದ ಮತದಾರರಿದ್ದರು. ಅವರಲ್ಲಿ ಬಹುಪಾಲು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಆ ದೊಡ್ಡ ಲೆಕ್ಕದ ಒಳಗೆ ಇನ್ನೊಂದು ಲೆಕ್ಕವಿದೆ. ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಗೆ ಸೇರಲಿಲ್ಲ. ಅವರು ಸತ್ತಿರಲಿಲ್ಲ, ಊರು ಬಿಟ್ಟಿರಲಿಲ್ಲ, ಪ್ರಾಯವೂ ಕಡಿಮೆಯಿರಲಿಲ್ಲ. ಪಟ್ಟಿ ಮಾಡುವವನು ಬಾಗಿಲಿಗೆ ಬಂದಾಗ ಅವರು ತಮ್ಮ ಹೆಸರು ಹೇಳಲಿಲ್ಲ, ಅಷ್ಟೆ. 'ಇಂಥವನ ಹೆಂಡತಿ', 'ಇಂಥವನ ತಾಯಿ' ಎಂದು ಬರೆಸಿದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನದ ಕಡೆಯವರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹೆಸರು ಹೇಳಿಸಿ ಬರೆದುಕೊಳ್ಳಲು ಕಾಲಾವಕಾಶ ಕೊಟ್ಟು ನೋಡಿದರು. ಆಮೇಲೂ ಹೆಸರು ಸಿಕ್ಕದವರನ್ನು ಪಟ್ಟಿಯಿಂದ ತೆಗೆಸಿದರು. ಆಗ ಎದ್ದ ಗದ್ದಲದಿಂದ ಒಳ್ಳೆಯದೇ ಆಗುತ್ತದೆ, ಮುಂದಿನ ಚುನಾವಣೆಗಾದರೂ ಇವರು ಹೆಸರು ಹೇಳಿಯಾರು ಎಂಬುದು ಸೇನರ ಎಣಿಕೆಯಾಗಿತ್ತು.

ಅವರ ನಿರ್ಧಾರ ಕಠಿಣವಾಗಿತ್ತು, ಆದರೆ ಸರಿಯಾಗಿತ್ತು ಎಂದೇ ನಮ್ಮ ಭಾವನೆ. ಓಟು ಮನೆಗಲ್ಲ, ಮನುಷ್ಯರಿಗೆ ಎಂಬ ಮಾತನ್ನು ಸರಕಾರಿ ಕಾಗದದಲ್ಲಿ ಅಷ್ಟು ನಿಷ್ಠುರವಾಗಿ ಹೇಳಿದ್ದು ಆಗಲೇ. ಆ ಮಾತು ಪಟ್ಟಿಯಲ್ಲಿ ಉಳಿಯಿತು. ಮನೆ ಬಾಗಿಲಿಗೆ ಬಂದು ಓಟು ಕೇಳುವವರ ಬಾಯಲ್ಲಿ ಉಳಿಯಿತೇ ಎಂಬುದನ್ನು ಉತ್ತರ ಬೆಂಗಳೂರಿನ ಮತ್ತಿಕೆರೆಯಂಥ ಒಂದು ಸಾಧಾರಣ ಬಡಾವಣೆಯ ಬೀದಿಗಳಲ್ಲಿ ನಿಂತು ನೋಡಬೇಕು.

ನಮ್ಮ ಕಡೆಯ ತೊಡಕು ಉತ್ತರದವರದಕ್ಕೆ ತಿರುವುಮುರುವು. ಇಲ್ಲಿ ಹೆಂಗಸು ತನ್ನ ಹೆಸರು ಹೇಳುತ್ತಾಳೆ, ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂಬ ಭಯ, ನಾಚಿಕೆ, ರೂಢಿ. ಉತ್ತರ ಕರ್ನಾಟಕದಲ್ಲಿ ಮದುವೆಮನೆಯಲ್ಲಿ ಗಂಡನ ಹೆಸರನ್ನು ಒಡಪಿನೊಳಗೆ ಸೇರಿಸಿ ಹೇಳಿಸುವ ಸಂಭ್ರಮ ಹುಟ್ಟಿದ್ದೇ ಈ ಹೇಳದಿರುವಿಕೆಯಿಂದ. ನಮ್ಮ ದಖನಿ ಮಾತಿನ ಮನೆಗಳಲ್ಲೂ ಗಂಡನೆಂದರೆ 'ಬಚ್ಚೋಂಕೆ ಬಾವಾ', ಮಕ್ಕಳ ಅಪ್ಪ. ಮತದಾರರ ಪಟ್ಟಿಯಲ್ಲಿ ಹೆಂಗಸಿನ ಹೆಸರಿನ ಕೆಳಗೆ 'ಗಂಡನ ಹೆಸರು' ಎಂಬ ಸಾಲು ಇದ್ದೇ ಇರುತ್ತದೆ. ಬರೆದುಕೊಳ್ಳುವವರು ಕೇಳಿದಾಗ ಅವಳು ಪಕ್ಕದಲ್ಲಿ ನಿಂತ ಮಗುವಿನ ಕಡೆ ನೋಡುತ್ತಾಳೆ, ಮಗು ಅಪ್ಪನ ಹೆಸರು ಹೇಳುತ್ತದೆ. ಗಂಡಸಿನ ಹೆಸರಿನ ಕೆಳಗೆ 'ಹೆಂಡತಿಯ ಹೆಸರು' ಎಂಬ ಸಾಲನ್ನು ಯಾರೂ ಕಂಡಿರಲಾರರು.

ಸ್ವಾತಂತ್ರ್ಯಕ್ಕಿಂತ ಹಿಂದೆ ಓಟು ಕೇಳುವವರಿಗೆ ಹೆಂಗಸರ ಚಿಂತೆಯೇ ಇರಲಿಲ್ಲ. ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ 1921ರಲ್ಲಿ, ಅಂದರೆ ಇಂದಿನ ಕರ್ನಾಟಕದ ಮಂಗಳೂರು, ಬಳ್ಳಾರಿ, ಧಾರವಾಡ, ಬೆಳಗಾವಿ ಸೀಮೆಗಳಿಗೂ ಅನ್ವಯಿಸುವಂತೆ, ಹೆಂಗಸೆಂಬ ಕಾರಣಕ್ಕೆ ಓಟು ನಿರಾಕರಿಸುವುದು ನಿಂತಿತು. ಮೈಸೂರು ಸಂಸ್ಥಾನವೂ 1920ರ ದಶಕದ ಆರಂಭದಲ್ಲೇ ಅದೇ ದಾರಿ ಹಿಡಿಯಿತು. ಆದರೆ ಆಸ್ತಿ, ಕಂದಾಯ, ವಿದ್ಯೆ ಇದ್ದವರಿಗಷ್ಟೇ ಓಟು. ಆಸ್ತಿ ಯಾರ ಹೆಸರಲ್ಲಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. 1935ರ ಭಾರತ ಸರಕಾರದ ಕಾಯಿದೆ ಗಂಡನ ಆಸ್ತಿಯ ಅರ್ಹತೆಯ ಮೇಲೆ ಕೆಲವು ಹೆಂಡಂದಿರಿಗೂ ಓಟು ಕೊಟ್ಟಿತು. ಗಂಡನ ಆಸ್ತಿಯಿಂದ ಹುಟ್ಟಿದ ಓಟನ್ನು ಗಂಡನ ಹತ್ತಿರವೇ ಕೇಳಿದರೆ ಸಾಕಲ್ಲ ಎಂದು ಉಮೇದುವಾರರಿಗೆ ಅನ್ನಿಸಿದ್ದರೆ ಅದರಲ್ಲಿ ಸೋಜಿಗವೇನು?

1952ರಲ್ಲಿ ಎಲ್ಲ ವಯಸ್ಕರಿಗೂ ಓಟು ಬಂದಾಗ ಈ ಅಭ್ಯಾಸ ಒಂದು ರೀತಿ ಮುರಿಯಲೇಬೇಕಾಯಿತು. ಆಗ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಮರ, ಕಿಸಾನ್ ಮಜ್ದೂರ್ ಪ್ರಜಾಪಕ್ಷಕ್ಕೆ ಗುಡಿಸಲು. ಯಾವ ಪೆಟ್ಟಿಗೆಗೆ ಚೀಟಿ ಹಾಕಬೇಕೆಂದು ಒಳಮನೆಯ ಹೆಂಗಸಿಗೆ ತಿಳಿಸದೆ ಗತಿಯಿಲ್ಲ. ದೇಶದಲ್ಲಿ ಹೆಂಗಸರಿಗೆಂದೇ 27 ಸಾವಿರಕ್ಕೂ ಹೆಚ್ಚು ಪ್ರತ್ಯೇಕ ಮತಗಟ್ಟೆಗಳನ್ನು ಮಾಡಿದ್ದರು. ಮರೆಯಲ್ಲಿರುವ ಹೆಂಗಸಿಗೆ ಅನುಕೂಲವಾಗಬೇಕಾದ್ದು ರಾಜ್ಯದ ಹೊಣೆ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. ಆ ತಿಳಿವಳಿಕೆ 1961ರ ಚುನಾವಣಾ ನಿಯಮಗಳಲ್ಲಿಯೂ ಇದೆ. ಹೆಂಗಸರನ್ನು ಬೇರೆ ಸರದಿಯಲ್ಲಿ ಒಳಗೆ ಬಿಡಬಹುದು, ಅವರಿಗೆ ನೆರವಾಗಲು ಒಬ್ಬ ಮಹಿಳೆಯನ್ನು ನೇಮಿಸಬಹುದು ಎಂದು 34ನೇ ನಿಯಮ ಹೇಳುತ್ತದೆ.

ಇಷ್ಟಾದರೂ ಪ್ರಚಾರದ ಮಂದಿ ತಮ್ಮ ಲೆಕ್ಕದ ಪುಸ್ತಕವನ್ನು ಮನೆಯ ಲೆಕ್ಕದಲ್ಲೇ ಇಟ್ಟುಕೊಂಡರು. 'ಆ ಮನೆಯಲ್ಲಿ ಆರು ಓಟು ಇದೆ, ಯಜಮಾನರು ನಮ್ಮವರು' ಎಂದರೆ ಆರೂ ಬಂದ ಹಾಗೆ.

ಮತ್ತಿಕೆರೆ ಒಂದು ಕಾಲದ ಹಳ್ಳಿ. ಯಶವಂತಪುರದ ರೈಲು, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ವಿಜ್ಞಾನ ಸಂಸ್ಥೆ, 1950ರ ದಶಕದಲ್ಲಿ ಜಾಲಹಳ್ಳಿಗೆ ಬಂದ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು, ಆಮೇಲಿನ ರಾಮಯ್ಯ ಕಾಲೇಜುಗಳು ಸುತ್ತುಗಟ್ಟಿ ಅದು ಊರೊಳಗಿನ ಬಡಾವಣೆಯಾಯಿತು. 198 ವಾರ್ಡುಗಳ ಪಾಲಿಕೆಯ ಕಾಲದಲ್ಲಿ ಮತ್ತಿಕೆರೆ ವಾರ್ಡು ಮಲ್ಲೇಶ್ವರ ಕ್ಷೇತ್ರಕ್ಕೆ, ಮಗ್ಗುಲಿನ ಜೆ.ಪಿ. ಪಾರ್ಕ್ ವಾರ್ಡು ರಾಜರಾಜೇಶ್ವರಿನಗರ ಕ್ಷೇತ್ರಕ್ಕೆ ಸೇರಿದ್ದವು. ಹೀಗಾಗಿ ಆಚೆ ಬೀದಿಗೊಬ್ಬ ಶಾಸಕ, ಈಚೆ ಬೀದಿಗೊಬ್ಬ ಶಾಸಕ. ಬಾಡಿಗೆ ಮನೆಗಳು ಜಾಸ್ತಿ. ಒಂದು ಗೇಟಿನೊಳಗೆ ನಾಲ್ಕು ಬಾಗಿಲು, ಒಂದೊಂದು ಬಾಗಿಲ ಹಿಂದೆ ಒಂದೊಂದು ಭಾಷೆ.

ಚುನಾವಣೆ ಬಂತೆಂದರೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶಾಲು ಹೊದ್ದ ಹುಡುಗರ ಗುಂಪು ಗೇಟು ಬಡಿಯುತ್ತದೆ. "ಅಕ್ಕಾ, ಅಣ್ಣ ಇದಾರಾ?" ಇಲ್ಲ, ಡ್ಯೂಟಿಗೆ ಹೋಗಿದ್ದಾರೆ. "ಸರಿ, ಬಂದ್ರೆ ಹೇಳಿ. ಮನೇಲಿ ಎಷ್ಟು ಓಟಿದೆ?" ನಾಲ್ಕು. ಹುಡುಗ ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಕರಪತ್ರವನ್ನು ಕಿಟಕಿಯ ಸರಳಿಗೆ ಸಿಕ್ಕಿಸುತ್ತಾನೆ. ಎದುರಿಗೆ ನಿಂತವಳು ಆ ನಾಲ್ಕರಲ್ಲಿ ಒಬ್ಬಳು. ಅವಳಿಗೆ ಕೇಳಬೇಕಾದ್ದಿರುತ್ತದೆ. ನಲ್ಲಿಗೆ ಯಾವಾಗ ನೀರು ಬರುತ್ತದೆ, ಮೋರಿ ಯಾಕೆ ಎತ್ತಿಲ್ಲ, ಮಗಳು ಟ್ಯೂಷನ್ನಿನಿಂದ ಬರುವ ಓಣಿಯಲ್ಲಿ ದೀಪ ಯಾಕಿಲ್ಲ? ಆದರೆ ಅಣ್ಣನಿಗೆ ಹೇಳಿಹೋಗಲು ಬಂದವರಿಗೆ ಅಕ್ಕನ ಮಾತಿಗೆ ಪುರಸೊತ್ತಿಲ್ಲ. ಮುಸ್ಲಿಂ ಮನೆಯ ಬಾಗಿಲಲ್ಲಿ ಇದು ಇನ್ನೂ ಬೇಗ ಮುಗಿಯುತ್ತದೆ. ಪರದೆಯ ಹಿಂದಿನಿಂದ "ಮರ್ದಾನೆ ಕೋಯಿ ನೈಂ ಘರ್ ಮೆ" ಎಂಬ ದನಿ ಕೇಳುತ್ತಲೇ ಗುಂಪು ಮುಂದಕ್ಕೆ ಹೋಗುತ್ತದೆ. ಜಮಾತಿನ ಹಿರಿಯರೊಬ್ಬರ ಹತ್ತಿರ ಕೂತು ಚಹಾ ಕುಡಿದರೆ ಇಡೀ ಗಲ್ಲಿಯ ಓಟು ಬಂದಂತೆ ಎಂದು ಪಕ್ಷಗಳು ಎಣಿಸುತ್ತವೆ. ನಮ್ಮ ಹಿರಿಯರೂ ಆ ಎಣಿಕೆಯನ್ನು ತಿದ್ದುವ ಗೋಜಿಗೆ ಹೋದದ್ದು ಕಡಿಮೆ. ದೂರುವಾಗ ಈ ಪಾಲನ್ನು ಬಿಟ್ಟು ದೂರುವುದು ಪ್ರಾಮಾಣಿಕತೆಯಾಗದು.

ಹೆಂಗಸರ ಬಳಿ ಹೆಂಗಸರನ್ನೇ ಕಳಿಸುವ ರೂಢಿಯೂ ಇದೆ. ದಿನಗೂಲಿಗೆ ಬಂದವರು, ಸಂಘದ ಸಾಲದ ಪರಿಚಯದಿಂದ ಬಂದವರು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದ ಮೇಲೆ ಸ್ವಸಹಾಯ ಸಂಘಗಳು ಹೆಚ್ಚಿದವು; ಪಕ್ಷಗಳಿಗೂ ಒಳಮನೆಗೆ ಹೋಗುವ ಹಾದಿ ಸಿಕ್ಕಿತು. ಅರಿಶಿನ ಕುಂಕುಮ, ರವಿಕೆ ಕಣ, ಸೀರೆ, ಕುಕ್ಕರು. ನಮ್ಮ ಬೀದಿಗೆ ಬಂದರೆ ರಂಜಾನ್ ಕಿಟ್. ಕೊಟ್ಟು ಸುಮ್ಮನಾಗುವುದಿಲ್ಲ, ದೇವರ ಪಟದ ಮೇಲೆ ಕೈಯಿಡಿಸಿ ಆಣೆ ಮಾಡಿಸುವುದೂ ಉಂಟು. ಗಂಡಸರಿಗಿಂತ ಹೆಂಗಸರು ಆಣೆಗೆ ಹೆದರುತ್ತಾರೆಂಬುದು ಕೊಡುವವರ ಲೆಕ್ಕ. ಕೊಟ್ಟದ್ದು ಲಂಚ, ಮಾಡಿಸಿದ್ದು ಅನುಚಿತ ಪ್ರಭಾವ ಎಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೇ ವಿಧಿ ಸ್ಪಷ್ಟವಾಗಿ ಹೇಳಿದೆ. ಯಾರಿಗೆ ಓಟು ಹಾಕಿದೆ ಎಂದು ನ್ಯಾಯಾಲಯದಲ್ಲೂ ಬಾಯಿ ಬಿಡಬೇಕಾಗಿಲ್ಲ ಎನ್ನುತ್ತದೆ 94ನೇ ವಿಧಿ. ನ್ಯಾಯಾಧೀಶರಿಗೂ ಇಲ್ಲದ ಅಧಿಕಾರವನ್ನು ಕುಕ್ಕರು ತಂದವನು ಅಡುಗೆಮನೆಯ ಬಾಗಿಲಲ್ಲಿ ಚಲಾಯಿಸುತ್ತಾನೆ. ಅವನ ಹಿಂದೆಯೇ ಗಂಡನೂ, ಮಗನೂ ಚಲಾಯಿಸುತ್ತಾರೆ.

ಬಾಗಿಲಿಗೆ ಬರುವವರು ಕೊಡುವುದಷ್ಟೇ ಅಲ್ಲ, ಕೇಳುವುದೂ ಉಂಟು. 2018ರ ಮೇ ತಿಂಗಳಲ್ಲಿ ಜಾಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಕಟ್ಟುಕಟ್ಟಾಗಿ ಸಿಕ್ಕವು. ರಾಜರಾಜೇಶ್ವರಿನಗರದ ಚುನಾವಣೆಯನ್ನು 12ರಿಂದ 28ಕ್ಕೆ ಮುಂದೂಡಬೇಕಾಯಿತು. 2022ರ ನವೆಂಬರ್‌ನಲ್ಲಿ, ಮತದಾರರ ಜಾಗೃತಿಗೆಂದು ಪಾಲಿಕೆಯಿಂದ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸಂಸ್ಥೆಯ ಮಂದಿ ಮತಗಟ್ಟೆ ಅಧಿಕಾರಿಗಳೆಂದು ಹೇಳಿಕೊಂಡು ಮನೆ ಮನೆಯ ವಿವರ ಸಂಗ್ರಹಿಸಿದರೆಂಬ ಆರೋಪ ಬಂತು. ಹಿರಿಯ ಅಧಿಕಾರಿಗಳಿಬ್ಬರು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಹೇಳಿತು. ಹಗಲು ಹೊತ್ತು ಬಾಗಿಲು ತೆಗೆಯುವವರು ಹೆಂಗಸರು. ಕುತ್ತಿಗೆಗೆ ಗುರುತುಪಟ್ಟಿ ನೇತುಹಾಕಿಕೊಂಡು ಬಂದವರು ಸರಕಾರದವರೋ, ಪಕ್ಷದವರೋ, ಇಬ್ಬರೂ ಅಲ್ಲದವರೋ ಎಂದು ಅವರು ಹೇಗೆ ತಿಳಿಯಬೇಕು?

ಮುಸ್ಲಿಂ ಹೆಂಗಸಿನ ಓಟಿನ ಬಗ್ಗೆ ದೇಶ ಗಟ್ಟಿಯಾಗಿ ಮಾತಾಡಿದ್ದು ಅವಳ ಮುಖದ ವಿಚಾರಕ್ಕೆ. ಪಟ್ಟಿಯಲ್ಲಿ ಗೋಷಾ ಹೆಂಗಸರ ಭಾವಚಿತ್ರ ಬೇಡವೆಂಬ ತಮಿಳುನಾಡಿನ ಅರ್ಜಿಯೊಂದನ್ನು ಮದರಾಸು ಹೈಕೋರ್ಟು 2006ರಲ್ಲಿ ತಳ್ಳಿಹಾಕಿತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗುರುತು ತೋರಿಸದೆ ಓಟು ಹಾಕುವುದು ಹೇಗೆಂದು ಕೇಳಿತು. ಕೋರ್ಟು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅರ್ಜಿ ಹಾಕಿದವರು ಗಂಡಸರು, ಟಿ.ವಿ.ಯಲ್ಲಿ ಕೂತು ವಾದಿಸಿದವರಲ್ಲೂ ಹೆಚ್ಚಿನವರು ಗಂಡಸರು. ಮಹಿಳಾ ಸಿಬ್ಬಂದಿಯ ಎದುರು ಮುಸುಕು ಸರಿಸಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವುದು ನಮ್ಮ ಬೀದಿಯ ಹೆಂಗಸರಿಗೆ ಎಂದೂ ಸಮಸ್ಯೆಯಾದಂತೆ ಕಾಣೆವು.

ಅವರ ನಿಜವಾದ ಸಮಸ್ಯೆ ಇರುವುದು ಅಕ್ಷರದಲ್ಲಿ. ನಾವು ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲಿ ಕಲಿತವರಾದ್ದರಿಂದ ಇದು ಕಣ್ಣಿಗೆ ಬೇಗ ಬೀಳುತ್ತದೆ. ಖೈರುನ್ನಿಸಾ ಎಂದರೆ ಹೆಂಗಸರಲ್ಲಿ ಉತ್ತಮಳು. ಪಟ್ಟಿಯಲ್ಲಿ ಅವಳು ಕೈರುನಿಸ, ಪಡಿತರ ಚೀಟಿಯಲ್ಲಿ ಖೈರುನ್ ಬಿ, ಬ್ಯಾಂಕಿನಲ್ಲಿ ಖೈರುನ್ನೀಸಾ ಬೇಗಂ. ಒಬ್ಬಳೇ ಹೆಂಗಸು ಕಾಗದದಲ್ಲಿ ಮೂವರಾಗುತ್ತಾಳೆ. ಪರಿಶೀಲನೆ ಬಂದಾಗ ಮೂವರಲ್ಲಿ ಯಾರೂ ಅವಳಲ್ಲ ಎಂದಾಗಬಹುದು. ಮದುವೆಯಾಗಿ ಬಂದವಳ ಹೆಸರು ತವರಿನ ಪಟ್ಟಿಯಲ್ಲಿ 'ಸ್ಥಳಾಂತರ' ಎಂದು ಹೋಗಿರುತ್ತದೆ, ಗಂಡನೂರಿನ ಪಟ್ಟಿಗೆ ಇನ್ನೂ ಬಂದಿರುವುದಿಲ್ಲ. 2025ರಲ್ಲಿ ಬಿಹಾರದಲ್ಲಿ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. 2003ರ ಪಟ್ಟಿಯಲ್ಲಿ ಇಲ್ಲದವರು ತಾಯಿತಂದೆಯರ ಹೆಸರನ್ನು ಆ ಪಟ್ಟಿಯಲ್ಲಿ ತೋರಿಸಿದರೆ ಅನುಕೂಲವಿತ್ತು. ಗಂಡು ಅದೇ ಮನೆಯಲ್ಲಿರುತ್ತಾನೆ, ತೋರಿಸುತ್ತಾನೆ. ಹೆಣ್ಣು ತವರೂರಿನ ಹಳೆಯ ಪಟ್ಟಿಯನ್ನು ಹುಡುಕಿಸಬೇಕು. 1951ರಲ್ಲಿ ಗಂಡನ ಹೆಸರಿನ ಹಿಂದೆ ನಿಂತದ್ದಕ್ಕೆ ಹೆಸರು ಹೋದ ಅದೇ ಸೀಮೆಯಲ್ಲಿ ಈಗ ಅಪ್ಪನ ಹೆಸರಿನ ಆಸರೆ ಹುಡುಕಬೇಕಾಯಿತು.

ಈ ಚರಿತ್ರೆಯಲ್ಲಿ 2023 ಒಂದು ತಿರುವು. ಆ ಜನವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾಂಗ್ರೆಸ್ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯ ಮಾತು ಕೊಟ್ಟಿತು. ಗ್ಯಾರಂಟಿ ಕಾರ್ಡು ಹಿಡಿದು ಬಂದವರು "ಯಜಮಾನ್ರು ಇದಾರಾ?" ಎನ್ನುವ ಬದಲು "ಮನೆ ಯಜಮಾನಿ ಯಾರಮ್ಮ?" ಎಂದು ಕೇಳಿದರು. ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ ಎಂದು 2013ರ ಆಹಾರ ಭದ್ರತಾ ಕಾಯಿದೆ ಹೇಳಿದ್ದರೂ ಆ ಪದವಿಗೆ ಬೀದಿಯಲ್ಲಿ ಬೆಲೆ ಬಂದದ್ದು ಆಗ. ದುಡ್ಡು ಅತ್ತೆಗೋ ಸೊಸೆಗೋ ಎಂಬ ಜಗಳ ಎದ್ದು, ಅತ್ತೆಗೆ ಎಂದು ಸರಕಾರ ಹೇಳಬೇಕಾಯಿತು. ಇದನ್ನು ಓಟು ಕೊಳ್ಳುವ ಉಪಾಯವೆಂದು ಹಳಿದವರುಂಟು. ಬಾಗಿಲಲ್ಲಿ ನಿಂತ ಹೆಂಗಸನ್ನು ಅವಳ ಹೆಸರು ಹಿಡಿದು ಮಾತಾಡಿಸಿದ್ದೊಂದೇ ಸಾಕು, ಹಳಿಯುವ ಮುಂಚೆ ನಾವು ತುಸು ತಡೆಯುತ್ತೇವೆ. ಆದರೂ ಯಜಮಾನಿ ಎಂದರೆ ಮನೆಗೆ ಒಬ್ಬಳೇ. ಸೊಸೆ, ಮಗಳು, ಬಾಡಿಗೆ ಕೋಣೆಯ ಗಾರ್ಮೆಂಟ್ಸ್ ಹುಡುಗಿ ಮತ್ತೆ 'ಎಷ್ಟು ಓಟು' ಎಂಬ ಲೆಕ್ಕದೊಳಗೆ ಸೇರಿಹೋದರು. ಆ ವರ್ಷ ರಾಜ್ಯದ ಮಹಿಳಾ ಮತದಾರರು 2.59 ಕೋಟಿ, ಗಂಡಸರಿಗಿಂತ ಮೂರೇ ಲಕ್ಷ ಕಡಿಮೆ. 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಹತ್ತು.

ಬಾಗಿಲಿಗೆ ಬರುವವರಲ್ಲಿ ಹೆಂಗಸರ ಓಟನ್ನು ಒಂದೊಂದಾಗಿ ಎಣಿಸುವವಳು ಒಬ್ಬಳಿದ್ದಾಳೆ. ಮತಗಟ್ಟೆ ಅಧಿಕಾರಿ ಎಂದು ಅವಳನ್ನು ಕರೆಯುತ್ತಾರೆ, ಅನೇಕ ಕಡೆ ಅವಳು ಅಂಗನವಾಡಿಯ ಟೀಚರು. ಯಾವ ಮನೆಯಲ್ಲಿ ಯಾರು ಬಸುರಿ, ಯಾರ ಮಗಳಿಗೆ ಹದಿನೆಂಟು ತುಂಬಿತು ಎಂಬುದೆಲ್ಲ ಅವಳಿಗೆ ಗೊತ್ತು. ಪಟ್ಟಿ ಹಿಡಿದು ಬಂದಾಗ ಪರದೆ ಸರಿಯುತ್ತದೆ, ಕುರ್ಚಿ ಬರುತ್ತದೆ. "ನಿಮ್ಮ ಹೆಸರು ನೀವೇ ಹೇಳಿ ಬೂಬಮ್ಮ, ಬಿಡಿಸಿ ಬಿಡಿಸಿ ಹೇಳಿ" ಎಂದು ಅವಳು ನಮೂನೆ 8ನ್ನು ತೊಡೆಯ ಮೇಲಿಟ್ಟುಕೊಂಡು ಖ ಅಕ್ಷರವನ್ನು ಬರೆಯುತ್ತಾಳೆ.