ಆಯಿಲ್ ಪ್ರೆಶರ್ ತಪಾಸಣೆ (ಕೋಲಾರ ಸೀಮೆಯ ಹಳೆಯ ಪಿಕಪ್‌ಗಳಲ್ಲಿ)

ಎಂಜಿನ್ನಿನ ಆಯಿಲ್ ಪ್ರೆಶರ್ ಇಳಿದಿದೆ ಎಂದು ಡ್ಯಾಶ್‌ಬೋರ್ಡಿನ ಮುಳ್ಳೋ ಕೆಂಪು ದೀಪವೋ ತೋರಿಸಿದಾಗ, ಅದು ನಿಜವೇ, ನಿಜವಾದರೆ ಎಲ್ಲಿಂದ ಬಂತು ಎಂದು ಪತ್ತೆಹಚ್ಚುವ ಗ್ಯಾರೇಜು ವಿದ್ಯೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಟೊಮೆಟೊ, ಮಾವು, ತರಕಾರಿ ತೋಟದಿಂದ ಮಂಡಿ ಸೇರುವುದು ಪಿಕಪ್, ಟೆಂಪೊಗಳ ಬೆನ್ನ ಮೇಲೆ. ಅವುಗಳಲ್ಲಿ ಎರಡು ದಶಕ ದುಡಿದ ಗಾಡಿಗಳೂ ಇವೆ.

ಆಯಿಲ್ ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಎಣ್ಣೆಯನ್ನು ತಳ್ಳುತ್ತದೆ ಅಷ್ಟೆ. ಬೇರಿಂಗುಗಳ ಕಿರಿದಾದ ಸಂದು ಆ ಹರಿವಿಗೆ ತಡೆಯೊಡ್ಡುವುದರಿಂದ ಒತ್ತಡ ಏಳುತ್ತದೆ. ಡ್ರಿಪ್ ಹಾಕಿದ ಟೊಮೆಟೊ ತೋಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುವೆ ಪೈಪು ಒಡೆದರೆ ಮೋಟರು ಎಷ್ಟೇ ಓಡಲಿ, ಕೊನೆಯ ಸಾಲಿನ ಗಿಡಕ್ಕೆ ನೀರು ಮುಟ್ಟುವುದಿಲ್ಲ. ಬೇರಿಂಗಿನ ಸಂದು ಎರಡರಷ್ಟಾದರೆ, ಒತ್ತಡವೂ ಎಣ್ಣೆಯ ಗಟ್ಟಿತನವೂ ಹಾಗೇ ಇದ್ದಾಗ, ಸೋರುವ ಎಣ್ಣೆ ಸುಮಾರು ಎಂಟರಷ್ಟಾಗುತ್ತದೆ. ಹಳೆಯ ಎಂಜಿನ್ನಿನಲ್ಲಿ ಮುಳ್ಳು ಕುಸಿಯುವುದಕ್ಕೆ ಈ ಲೆಕ್ಕವೇ ಮೂಲ.

ಒತ್ತಡ ಅಳೆಯುವ ಮುಳ್ಳಿನ ಚರಿತ್ರೆ ಮೋಟಾರು ಗಾಡಿಗಿಂತ ಹಳೆಯದು. ಪ್ಯಾರಿಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಮಾಪಕದಲ್ಲಿ ಚಪ್ಪಟೆಯಾದ, ಬಾಗಿದ ಕೊಳವೆಯೊಂದಿದೆ. ಒಳಗೆ ಒತ್ತಡ ಏರಿದಂತೆ ಕೊಳವೆ ನೆಟ್ಟಗಾಗಲು ಹವಣಿಸಿ ಮುಳ್ಳನ್ನು ತಿರುಗಿಸುತ್ತದೆ. ಬಾಯ್ಲರುಗಳಿಗಾಗಿ ಹುಟ್ಟಿದ ಈ ಉಪಕರಣ ಆಮೇಲೆ ಗಾಡಿಗೂ ಬಂತು. 1908ರ ಫೋರ್ಡ್ ಮಾಡೆಲ್ ಟಿಗೆ ಇದು ಬೇಕಿರಲಿಲ್ಲ, ಏಕೆಂದರೆ ಅದರಲ್ಲಿ ಎಣ್ಣೆ ಪಂಪೇ ಇರಲಿಲ್ಲ. ಎಣ್ಣೆ ಸಿಡಿದು ಬೇರಿಂಗುಗಳನ್ನು ನೆನೆಸುತ್ತಿತ್ತು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಸಣ್ಣ ಕೊಳವೆಯೊಂದು ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನವರೆಗೆ ಎಣ್ಣೆಯನ್ನೇ ಒಯ್ಯುತ್ತಿತ್ತು. ಚಾಲಕ ನೋಡುತ್ತಿದ್ದದ್ದು ನಿಜವಾದ ಒತ್ತಡವನ್ನು.

ಆಮೇಲೆ ಕೊಳವೆಯ ಜಾಗಕ್ಕೆ ವೈರು ಬಂತು. ಎಂಜಿನ್ನಿಗೆ ಕಚ್ಚಿಕೊಂಡ ಸೆಂಡರ್ ಒತ್ತಡವನ್ನು ವಿದ್ಯುತ್ತಾಗಿ ಹೇಳತೊಡಗಿತು. ಎಷ್ಟೋ ಗಾಡಿಗಳಲ್ಲಿ ಮುಳ್ಳೂ ಹೋಗಿ ಕೆಂಪು ದೀಪವೊಂದೇ ಉಳಿಯಿತು. ಆ ದೀಪದ ಸ್ವಿಚ್ಚು ಸಾಮಾನ್ಯವಾಗಿ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕಿಲೊ ಆಸುಪಾಸಿಗೆ ಇಳಿದ ಮೇಲೆ ಎಚ್ಚರಿಸುತ್ತದೆ. ಗಾಡಿಯ ವೆಚ್ಚ ಇಳಿಸಿದ ಈ ಬದಲಾವಣೆ ಚಾಲಕನಿಂದ ಒಂದು ಮುಖ್ಯ ತಿಳಿವಳಿಕೆಯನ್ನು ಕಿತ್ತುಕೊಂಡಿತು: ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಇಳಿಯುವ ಒತ್ತಡ ದೀಪಕ್ಕೆ ಕಾಣುವುದಿಲ್ಲ.

ಸಣ್ಣ ಸರಕು ಗಾಡಿಗಳು ದೇಶದಲ್ಲಿ ಹಂತಹಂತವಾಗಿ ಬಂದವು. ಮಹೀಂದ್ರ ಜೀಪು, ಬಜಾಜ್ ಟೆಂಪೊದವರ ಮೆಟಡಾರ್, 1986ರ ಟಾಟಾ 407, 1988ರ ಟಾಟಾಮೊಬೈಲ್ 206, ಮುಂದೆ ಬೊಲೆರೊ ಪಿಕಪ್, 2005ರಲ್ಲಿ ಟಾಟಾ ಏಸ್. ಇಂಥ ಗಾಡಿಗಳು ಬಂದು ಸೇರುವ ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. 15 ಕೆ.ಜಿ. ಬಾಕ್ಸುಗಳನ್ನು ಒಟ್ಟಿಕೊಂಡು ಬಂದ ಗಾಡಿ ಸುಗ್ಗಿಯಲ್ಲಿ ಸಾಲಿನಲ್ಲಿ ಕಾಯುವಾಗ ಎಂಜಿನ್ ಕಾದಿರುತ್ತದೆ, ಎಣ್ಣೆ ತೆಳುವಾಗಿರುತ್ತದೆ, ಓಟ ನಿಧಾನ. ಮುಳ್ಳು ಅತ್ಯಂತ ಕೆಳಗಿಳಿಯುವ ಹೊತ್ತು ಅದೇ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಕಾದ ಮೇಲೆ ಸ್ಲೋ ಓಟದಲ್ಲಿ ಸುಮಾರು 1 ಕಿಲೊ, ದಾರಿಯ ವೇಗದಲ್ಲಿ 3–4 ಕಿಲೊ ಇರುವುದು ವಾಡಿಕೆ. ಖಚಿತ ಅಂಕಿ ಆಯಾ ಎಂಜಿನ್ನಿನ ಕೈಪಿಡಿಯದು.

ತಪಾಸಣೆ ಡಿಪ್‌ಸ್ಟಿಕ್ಕಿನಿಂದ ಶುರು. ಎಣ್ಣೆ ಕಡಿಮೆಯಿದ್ದರೆ ಕಾರಣ ಅಲ್ಲೇ ಸಿಕ್ಕೀತು. ಮಟ್ಟ ತಾನಾಗಿ ಏರಿದ್ದರೆ ಸಮಾಧಾನಪಡುವಂತಿಲ್ಲ: ಬೆರಳಿಗೆ ಹಚ್ಚಿ ಮೂಸಿದಾಗ ಡೀಸೆಲ್ ವಾಸನೆ ಹೊಡೆದರೆ ಇಂಧನ ಎಂಜಿನ್ನಿನ ತಳದ ಎಣ್ಣೆ ಚೇಂಬರಿಗೆ ಇಳಿದು ಎಣ್ಣೆಯನ್ನು ನೀರಾಗಿಸಿದೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನ ನೀರು ಸೇರಿದೆ. ಮುಂದಿನದು ವೈರು. ದೀಪದ ಗಾಡಿಯಲ್ಲಿ ಸ್ವಿಚ್ಚಿನ ವೈರು ಕಿತ್ತರೂ ದೀಪ ಉರಿಯುತ್ತಲೇ ಇದ್ದರೆ, ವೈರು ಎಲ್ಲೋ ಉಜ್ಜಿ ಗಾಡಿಯ ಲೋಹದ ಮೈಗೆ ತಾಗುತ್ತಿದೆ. ಎಂಜಿನ್ನಿನ ಮೇಲೆ ಗುಮಾನಿಪಡಲು ಇನ್ನೂ ಕಾರಣವಿಲ್ಲ.

ನಿರ್ಣಾಯಕ ಪರೀಕ್ಷೆ ಮಾತ್ರ ಹಳೆಯ ಬೂರ್ದೋನ್ ಗೇಜಿನದೇ. ಸೆಂಡರನ್ನು ಬಿಚ್ಚಿ ಅದೇ ತೂತಿಗೆ ಕೊಳವೆಯ ಗೇಜು ತಿರುಗಿಸಿ, ಎಂಜಿನ್ ಪೂರ್ತಿ ಕಾಯುವವರೆಗೆ ಓಡಿಸಿ, ಸ್ಲೋನಲ್ಲೂ ರೇಸ್ ಕೊಟ್ಟೂ ಮುಳ್ಳು ನೋಡಬೇಕು. ಗೇಜು ಸರಿಯಾದ ಅಂಕಿ ತೋರಿಸಿದರೆ ಸೆಂಡರ್ ಬದಲಿಸಿದರಾಯಿತು. ಈ ಅರ್ಧ ಗಂಟೆಯ ಕೆಲಸವನ್ನು ಬಿಟ್ಟು ನೇರವಾಗಿ ಎಂಜಿನ್ ಇಳಿಸುವುದು ಗಾಡಿಯವರಿಗೆ ಮಾಡುವ ಅನ್ಯಾಯ. ಸುಗ್ಗಿಯಲ್ಲಿ ವಾರವೊಂದು ಗಾಡಿ ನಿಂತರೆ ಬಾಡಿಗೆಯೂ ಹೋಯಿತು, ಗಿರಾಕಿಯೂ ಹೋದ.

ಗೇಜೂ ಕಡಿಮೆ ತೋರಿಸಿದರೆ ಮುಳ್ಳಿನ ನಡೆಯನ್ನು ಓದಬೇಕು. ಕಾದಾಗ ಸ್ಲೋನಲ್ಲಿ ಕುಸಿದು, ರೇಸ್ ಕೊಟ್ಟರೆ ಏರುವುದು ಸಾಮಾನ್ಯವಾಗಿ ಸವೆದ ಬೇರಿಂಗಿನ ಲಕ್ಷಣ. ವೇಗ ಹೆಚ್ಚಿದಾಗಲೇ ಬೀಳುವುದಾದರೆ ಚೇಂಬರಿನಲ್ಲಿ ಎಣ್ಣೆ ಸೋಸುವ ಸ್ಟ್ರೈನರಿಗೆ ಕೆಸರು ಕಟ್ಟಿರಬಹುದು. ತಣ್ಣಗಿದ್ದಾಗಲೂ ಏಳದಿದ್ದರೆ ಪಂಪು, ಇಲ್ಲವೇ ಕಸ ಸಿಕ್ಕಿ ತೆರೆದೇ ನಿಂತ ರಿಲೀಫ್ ವಾಲ್ವು (ಹೆಚ್ಚಾದ ಒತ್ತಡ ಹೊರಬಿಡುವ ಕವಾಟ).

ಗಟ್ಟಿ ಎಣ್ಣೆ ಹಾಕಿ ಮುಳ್ಳು ಏರಿಸುವ ಉಪಾಯ ಹಳೆಯದು. 15W-40 ಬೇಕಾದಲ್ಲಿ 20W-50 ಸುರಿದರೆ ಅಂಕಿ ಏರುವುದು ನಿಜ. ಆದರೆ ಸವೆತ ಅಲ್ಲೇ ಇರುತ್ತದೆ, ಮುಂಜಾನೆ ತಣ್ಣನೆಯ ಎಂಜಿನ್ನಿನಲ್ಲಿ ಎಣ್ಣೆ ಮೇಲಕ್ಕೆ ತಲುಪುವುದೂ ತಡವಾಗುತ್ತದೆ. ಗಾಡಿ ಮಾರುವ ಮುನ್ನ ಹೀಗೆ ಮಾಡುವುದು ಕೊಳ್ಳುವವರಿಗೆ ಬಗೆಯುವ ಮೋಸ.

ಬೇರಿಂಗೇ ಹೋಗಿದ್ದರೆ ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕೊಟ್ಟು ಅಂಡರ್‌ಸೈಜ್ ಬೇರಿಂಗ್ ಕೂರಿಸಬೇಕು. ಜೋಡಿಸಿದ ಮೇಲೆ ಬಲ್ಲ ಮೆಕ್ಯಾನಿಕ್ ತಕ್ಷಣ ಸ್ಟಾರ್ಟ್ ಮಾಡುವುದಿಲ್ಲ. ಪಂಪಿಗೆ ಎಣ್ಣೆ ತುಂಬಿ, ಡೀಸೆಲ್ ನಿಲ್ಲಿಸಿ, ಗೇಜಿನ ಮೇಲೆ ಕಣ್ಣಿಟ್ಟು ತಡೆತಡೆದು ಸೆಲ್ಫ್ ಹೊಡೆಯುತ್ತಾನೆ. ಮುಳ್ಳು ಅಲುಗಿ ಮೇಲೆದ್ದ ನಂತರವೇ ಡೀಸೆಲ್ ಬಿಡುವುದು.