ಅಡವಿಟ್ಟ ಚಿನ್ನ, ಮುಚ್ಚಿದ ಗಣಿ

ಸ್ವಲ್ಪ ಉದ್ದದ ಬರಹ, ಬಿಡುವಾದಾಗ ಓದಿ.

ಮೊನ್ನೆ ಒಂದು ಚರ್ಚೆಯಲ್ಲಿ ಮಿತ್ರರೊಬ್ಬರು ಕೇಳಿದ್ರು: "1991ರಲ್ಲಿ ದೇಶ ದಿವಾಳಿ ಆಗೋದು ತಪ್ಪಿತು. ಇವತ್ತು ನಿಮ್ಮ ಕೈಯಲ್ಲಿ ಮೊಬೈಲ್ ಇರೋದೂ ಅದರಿಂದಲೇ. ನೀವು ಸಂಘಟನೆಯವರು ಮಾತ್ರ ಯಾಕೆ ಅದನ್ನ ಬೈತೀರಿ?" ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ, ನಿಜವಾಗಿ ಕೇಳಿದ್ರು. ಎರಡು ನಿಮಿಷದಲ್ಲಿ ಹೇಳೋ ಉತ್ತರ ನನ್ನ ಹತ್ರ ಇರಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಎರಡು ತಾರೀಖು ನೆನಪಿಟ್ಟುಕೊಳ್ಳಿ. 1990ರ ಆಗಸ್ಟ್ 2, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಆಗಸ್ಟ್ 7, ಪ್ರಧಾನಿ ವಿ.ಪಿ. ಸಿಂಗ್ ಮಂಡಲ್ ವರದಿ ಜಾರಿ ಮಾಡ್ತೀವಿ ಅಂತ ಪಾರ್ಲಿಮೆಂಟಿನಲ್ಲಿ ಘೋಷಿಸಿದರು. ಮಧ್ಯೆ ಐದೇ ದಿನ. ಮೊದಲನೆಯದರಿಂದ ಕಚ್ಚಾ ತೈಲದ ಬೆಲೆ ಏರಿತು, ಕೊಲ್ಲಿ ದೇಶಗಳಲ್ಲಿದ್ದ ನಮ್ಮವರು ಕಳಿಸುತ್ತಿದ್ದ ದುಡ್ಡಿಗೆ ಪೆಟ್ಟು ಬಿತ್ತು, ಮೊದಲೇ ಸಾಲದಲ್ಲಿದ್ದ ಖಜಾನೆ ಬರಿದಾಗುತ್ತಾ ಬಂತು. ಎರಡನೆಯದರಿಂದ ಸರ್ಕಾರಿ ನೌಕರಿಯ ಬಾಗಿಲಿಗೆ ಹಿಂದುಳಿದ ಜಾತಿಗಳ ಕೋಟ್ಯಂತರ ಜನ ಬಂದು ನಿಂತರು. ನಮ್ಮ ಮೀಸಲಾತಿ ಅದಕ್ಕೂ ಮೊದಲೇ ಇತ್ತು, ಆದರೆ ಹೆಚ್ಚಿನ ಕಡೆ ಕಸ ಗುಡಿಸೋ ಹುದ್ದೆಗಳಲ್ಲಿ ಭರ್ತಿ, ಮೇಲಿನ ಹುದ್ದೆಗಳಲ್ಲಿ ಬ್ಯಾಕ್‌ಲಾಗ್. ಬಾಗಿಲು ಅಗಲ ಆಗಬೇಕಿದ್ದ ಹೊತ್ತಿಗೇ ಮನೆ ಚಿಕ್ಕದಾಗೋಕೆ ಶುರುವಾಯ್ತು. ಪಿತೂರಿ ಅಂತ ನಾನು ಹೇಳಲ್ಲ. ಸದ್ದಾಂ ಹುಸೇನ್‌ಗೂ ಮಂಡಲ್‌ಗೂ ಏನೂ ಸಂಬಂಧ ಇಲ್ಲ. ಆದರೆ ಎರಡೂ ನಮ್ಮ ಮನೆ ಮುಂದೆ ಒಂದೇ ಸಲ ಬಂದು ನಿಂತವು.

1991ರ ಮೇ ತಿಂಗಳಲ್ಲಿ, ಚಂದ್ರಶೇಖರ್ ಅವರ ಉಸ್ತುವಾರಿ ಸರ್ಕಾರ ಇದ್ದಾಗ, 20 ಟನ್ ಚಿನ್ನವನ್ನು ಸ್ವಿಟ್ಜರ್‌ಲೆಂಡಿನ ಬ್ಯಾಂಕಿಗೆ ಮತ್ತೆ ಕೊಂಡುಕೊಳ್ಳುವ ಷರತ್ತಿನ ಮೇಲೆ ಮಾರಿದರು. ಜುಲೈನಲ್ಲಿ ನರಸಿಂಹ ರಾವ್ ಸರ್ಕಾರ ಬಂದ ಮೇಲೆ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡವಾಯ್ತು. ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಅದೇ ತಿಂಗಳ 1 ಮತ್ತು 3ನೇ ತಾರೀಖು ರೂಪಾಯಿ ಬೆಲೆ ಇಳಿಸಿದರು. 24ಕ್ಕೆ ಮನಮೋಹನ್ ಸಿಂಗ್ ಬಜೆಟ್, ಅದೇ ದಿನ ಹೊಸ ಕೈಗಾರಿಕಾ ನೀತಿ. ಸರ್ಕಾರಕ್ಕೇ ಮೀಸಲಾಗಿದ್ದ 17 ಉದ್ಯಮ ವಲಯಗಳು 8ಕ್ಕೆ ಇಳಿದವು.

ಮನೆಯಲ್ಲಿ ತಾಳಿ ಅಡ ಇಡೋದು ಅಂದರೆ ಏನು ಅಂತ ನಮ್ಮ ಕೇರಿಯವರಿಗೆ ಗೊತ್ತು. ದೇಶ ಚಿನ್ನ ಅಡ ಇಟ್ಟಿತು ಅನ್ನೋ ಸುದ್ದಿ ಕೇಳಿ ಜನ ಅವಮಾನಪಟ್ಟರು, ಪೇಪರ್‌ನವರು ಬರೆದರು. ಆದರೆ ಈ ನೆಲದಲ್ಲಿ ಚಿನ್ನ ತೆಗೆದುಕೊಟ್ಟವರು ಯಾರು ಅಂತ ಆವಾಗ ಯಾರೂ ಕೇಳಿದ ಹಾಗೆ ಕಾಣಲ್ಲ.

ತೆಗೆದುಕೊಟ್ಟವರು ನಮ್ಮವರು. ಕೋಲಾರ ಚಿನ್ನದ ಗಣಿ, ಕೆಜಿಎಫ್. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ದೊಡ್ಡ ಮಟ್ಟದ ಗಣಿಗಾರಿಕೆ ಶುರು ಮಾಡಿದಾಗ ಭೂಮಿಯೊಳಗೆ ಇಳಿಯೋಕೆ ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಹೊಲೆಗೇರಿಗಳಿಂದ ಬಂದ ತಮಿಳು ಆದಿದ್ರಾವಿಡರು. ಊರಲ್ಲಿ ಜಮೀನ್ದಾರನ ಜೀತ, ಇಲ್ಲಿ ಕತ್ತಲೆ. ಕತ್ತಲೆಯನ್ನೇ ಆರಿಸಿಕೊಂಡರು, ಯಾಕಂದ್ರೆ ಕತ್ತಲೆಗೆ ಕೂಲಿ ಸಿಕ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಯ್ತು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು, ಬೆಂಗಳೂರಿಗೆ ಬಂದದ್ದು ಅದಾದ ಮೂರು ವರ್ಷಕ್ಕೆ. ಆ ಕರೆಂಟು ಬಂದದ್ದು ಯಂತ್ರಗಳಿಗೆ. ಕೂಲಿ ಲೈನಿನ ಬಿದಿರು ತಟ್ಟಿ ಗುಡಿಸಲುಗಳಲ್ಲಿ ಕತ್ತಲೆ ಹಾಗೇ ಇತ್ತು. ಧೂಳು ಕುಡಿದು ಸಿಲಿಕೋಸಿಸ್ ಬಂದು ಸತ್ತವರು ಎಷ್ಟು ಮನೆಯಲ್ಲಿ ಅಂತ ಈಗಲೂ ಕೆಜಿಎಫ್‌ನ ಯಾವುದೇ ಲೈನಿಗೆ ಹೋಗಿ ಕೇಳಿ.

ಸಿನಿಮಾ ನೋಡಿ ಕೆಜಿಎಫ್ ಗೊತ್ತು ಅನ್ನೋ ಹುಡುಗರಿಗೆ ಒಂದು ಮಾತು. ಸಿನಿಮಾದಲ್ಲಿ ಗಣಿಯವರು ಗುಲಾಮರು, ಬಿಡಿಸೋಕೆ ಹೊರಗಿಂದ ಒಬ್ಬ ಹೀರೋ ಬರಬೇಕು. ನಿಜವಾದ ಕೆಜಿಎಫ್‌ನಲ್ಲಿ ಹೀರೋಗೆ ಯಾರೂ ಕಾಯಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಅಲ್ಲಿತ್ತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಳ್ಳೋಕೆ ದಶಕಗಳ ಮೊದಲೇ ಗಣಿ ಕಾರ್ಮಿಕರು ಬುದ್ಧನ ಹೆಸರು ಹೇಳ್ತಿದ್ರು. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತಗೊಂಡು ನೋಂದಣಿ ಮಾಡೋಕೆ ಹೊರಟಿತು. "ನಾವೇನು ಕಳ್ಳರಾ?" ಅಂತ ಸಾವಿರಾರು ಜನ ಕೆಲಸ ಬಿಟ್ಟು ಹೊರಗೆ ಕೂತರು. ಸುಮಾರು ಮೂರು ವಾರ ಗಣಿ ನಿಂತಿತು, ಕಂಪನಿ ಹಿಂದೆ ಸರೀಬೇಕಾಯ್ತು. ಮುಂದೆ ಇದೇ ಊರು ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಅವರನ್ನು ವಿಧಾನಸಭೆಗೆ ಕಳಿಸಿತು.

1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅದು ಕೇಂದ್ರದ ಕೈಗೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯ್ತು. ಇದನ್ನ ಬರೀ ಕಂಪನಿ ಬೋರ್ಡು ಬದಲಾದದ್ದು ಅಂತ ತಿಳೀಬೇಡಿ. ತಾತ ಬ್ರಿಟಿಷ್ ಕಂಪನಿಯ ಕೂಲಿ, ಅಪ್ಪ ಭಾರತ ಸರ್ಕಾರದ ನೌಕರ. ಪಿಎಫ್, ಗ್ರಾಚ್ಯುಟಿ, ಆಸ್ಪತ್ರೆ, ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ ಬಂದವು. ತಪ್ಪಾದರೆ ಕೇಳೋಕೆ ಒಬ್ಬ ಮಂತ್ರಿ ಇದ್ದ, ಪಾರ್ಲಿಮೆಂಟಲ್ಲಿ ಪ್ರಶ್ನೆ ಹಾಕಬಹುದಿತ್ತು. ಊರಿನ ಗೌಡನ ಮುಂದೆ ಟವಲ್ ಇಳಿಸಿ ನಿಲ್ಲುತ್ತಿದ್ದವನ ಮಗ ಸರ್ಕಾರದ ಮುಂದೆ ಚಾರ್ಟರ್ ಇಟ್ಟು ಮಾತಾಡ್ತಿದ್ದ. ರಾಜ್ಯಶಾಸ್ತ್ರದವರು 'ರಾಜ್ಯ ಮತ್ತು ಸಮಾಜದ ಸಂಬಂಧ' ಅಂತಾರಲ್ಲ, ನಮ್ಮ ಪಾಲಿಗೆ ಅದು ಇಷ್ಟೇ: ಯಾರ ಮುಂದೆ ಹೋಗಿ, ಯಾವ ಹಕ್ಕಿನಿಂದ ಕೇಳಬಹುದು ಅನ್ನೋದು.

ಸಂವಿಧಾನದ 16(4)ನೇ ವಿಧಿ ಕೆಲಸ ಮಾಡೋದೂ ಹೀಗೇ. ಸರ್ಕಾರ ಕೆಲಸ ಕೊಡುವ ಕಡೆ ಮಾತ್ರ ಅದಕ್ಕೆ ಜೀವ. ಸರ್ಕಾರ 'ನಾನು ಕೆಲಸ ಕೊಡೋನಲ್ಲ' ಅಂದ ದಿನ, ಒಂದಕ್ಷರವೂ ತಿದ್ದುಪಡಿ ಆಗದೆ, ಆ ವಿಧಿ ಪುಸ್ತಕದಲ್ಲಿ ಹಾಗೇ ಉಳಿಯುತ್ತೆ. 1991ರಲ್ಲಿ ದೇಶದ ಸಾರ್ವಜನಿಕ ವಲಯದಲ್ಲಿ, ಅಂದರೆ ಕೇಂದ್ರ, ರಾಜ್ಯ, ನಿಗಮ, ಸ್ಥಳೀಯ ಸಂಸ್ಥೆ ಎಲ್ಲ ಸೇರಿ, ಸುಮಾರು 1 ಕೋಟಿ 90 ಲಕ್ಷ ಜನ ಕೆಲಸದಲ್ಲಿದ್ದರು. 2012ಕ್ಕೆ ಸುಮಾರು 1 ಕೋಟಿ 76 ಲಕ್ಷ. ಈ ಮಧ್ಯೆ ದೇಶದ ಜನಸಂಖ್ಯೆ 84 ಕೋಟಿಯಿಂದ 121 ಕೋಟಿ ದಾಟಿತ್ತು. ಮೀಸಲಾತಿ ಶೇಕಡಾವಾರು ಬಗ್ಗೆ ಬೀದಿಯಲ್ಲಿ ಹೊಡೆದಾಡಿಕೊಂಡೆವು. ಶೇಕಡಾ ಯಾವುದರ ಮೇಲೆ ಲೆಕ್ಕ ಹಾಕಬೇಕೋ ಆ ಮೊತ್ತವೇ ಕರಗ್ತಾ ಇತ್ತು.

ಗಣಿ ಕಥೆಗೆ ಬರ್ತೀನಿ. 1991ರ ಕೊನೆಯಲ್ಲಿ ರೋಗಗ್ರಸ್ತ ಉದ್ಯಮಗಳ ಕಾಯ್ದೆಗೆ ತಿದ್ದುಪಡಿ ತಂದು ಸರ್ಕಾರಿ ಉದ್ಯಮಗಳನ್ನೂ ಬಿಐಎಫ್ಆರ್ ವ್ಯಾಪ್ತಿಗೆ ಹಾಕಿದರು. 1992ರಲ್ಲಿ ಬಿಜಿಎಂಎಲ್ ಅಲ್ಲಿಗೆ ಹೋಯ್ತು. ಅದೇ ವರ್ಷ ಕೆಲಸ ಕಳಕೊಂಡವರಿಗೆ ಹೊಸ ತರಬೇತಿ ಕೊಡ್ತೀವಿ ಅಂತ ರಾಷ್ಟ್ರೀಯ ನವೀಕರಣ ನಿಧಿ ಅಂತ ಒಂದು ಮಾಡಿದರು. ಅದರ ದುಡ್ಡಿನ ಬಹುಪಾಲು ವಿಆರ್‌ಎಸ್ ಕೊಟ್ಟು ಮನೆಗೆ ಕಳಿಸೋಕೇ ಹೋಯ್ತು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು.

ಸುಳ್ಳು ಹೇಳಬಾರದು. ಗಣಿ ನಷ್ಟದಲ್ಲಿತ್ತು. ಅದಿರಿನಲ್ಲಿ ಚಿನ್ನದ ಅಂಶ ಬಹಳ ಕಡಿಮೆ ಆಗಿತ್ತು, ಅಷ್ಟು ಆಳದಿಂದ ಎತ್ತೋ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಆಗ್ತಿತ್ತು. ಇವತ್ತಲ್ಲ ನಾಳೆ ಮುಚ್ಚಬೇಕಾಗಿತ್ತೇನೋ. ನನ್ನ ತಕರಾರು ಮುಚ್ಚಿದ್ದಕ್ಕಲ್ಲ, ಮುಚ್ಚಿದ ರೀತಿಗೆ. ಹಿಂದೆ ಈ ಗಣಿಯ ಚಿನ್ನವನ್ನು ಸರ್ಕಾರ ಬಹುಕಾಲ ಮಾರುಕಟ್ಟೆಗಿಂತ ಕಡಿಮೆಯ ಅಧಿಕೃತ ದರಕ್ಕೆ ತಗೊಂಡಿತ್ತು. ಆವಾಗ 'ದೇಶಕ್ಕಾಗಿ' ಅಂದ್ರು. ನಷ್ಟದ ಲೆಕ್ಕ ಬರೆಯೋವಾಗ ಮಾತ್ರ ಅದು ಕಂಪನಿಯ ನಷ್ಟ, ಕಾರ್ಮಿಕರ ಹೊರೆ. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಊರಿಗೆ ಉಳಿದದ್ದು ಸೈನೈಡ್ ಗುಡ್ಡಗಳು. ಗಾಳಿ ಬೀಸಿದರೆ ಆ ಪುಡಿ ಇವತ್ತಿಗೂ ಮನೆಯೊಳಗೆ ಬರುತ್ತೆ.

ಗಣಿ ಮುಚ್ಚಿದ ಮೇಲೆ ಗಣಿಯವರ ಮಕ್ಕಳು ರೈಲು ಹತ್ತಿದರು. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಟು ಬೆಂಗಳೂರಿಗೆ ಬಂದು ರಾತ್ರಿ ವಾಪಸ್ ಹೋಗೋರು ಸಾವಿರಾರು. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸು, ಓದಿದವರಿಗೆ ಕಾಲ್ ಸೆಂಟರ್. ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ ಕೆಜಿಎಫ್ ಹುಡುಗರಿಗೆ ಬೆಂಗಳೂರಲ್ಲಿ ಹೆಸರಿದೆ. ಊರಲ್ಲೇ ಉಳಿದ ಕೆಲವರ ಪಾಡು ಏನಾಯ್ತು ಅಂದರೆ, ಅಲ್ಲಿ ಮಲ ಹೊರುವ ಕೆಲಸ ಇನ್ನೂ ನಡೀತಿದೆ ಅನ್ನೋದು ಗಣಿ ಮುಚ್ಚಿ ಹತ್ತು ವರ್ಷದ ಮೇಲೆ ಬೆಳಕಿಗೆ ಬಂತು. ಸರ್ಕಾರಿ ನೌಕರಿಯಿಂದ ಹಿಂದಕ್ಕೆ ಹೋದರೆ ಜಾತಿ ನಮ್ಮನ್ನ ಎಲ್ಲಿಗೆ ಕಳಿಸುತ್ತೆ ಅಂತ ಅದೊಂದು ಊರು ನೋಡಿದರೆ ಸಾಕು.

ಇನ್ನೊಂದು ವಿಷಯ. ಗಣಿ ಮುಚ್ಚಿದ ಅದೇ 2001ರಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ, ಕರ್ನಾಟಕ ವಿಶ್ವಬ್ಯಾಂಕಿನಿಂದ ಆರ್ಥಿಕ ಪುನರ್‌ರಚನೆಯ ಸಾಲ ತಗೊಂಡಿತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದೇ. ಹೆಸರು ನೋಡಿ, 'ಹೊಣೆಗಾರಿಕೆ'. ಯಾರಿಗೆ ಹೊಣೆ? ಕೊರತೆ ಇಳಿಸಬೇಕು ಅಂದಾಗ ಕಚೇರಿಗಳಲ್ಲಿ ಸುಲಭವಾಗಿ ಕೈ ಹಾಕೋಕೆ ಸಿಗೋದು ಒಂದೇ, ಖಾಲಿ ಹುದ್ದೆ ತುಂಬದೇ ಇರೋದು. ಯಾರನ್ನೂ ತೆಗೆದಂಗೆ ಆಗಲ್ಲ, ಯಾರೂ ಧರಣಿ ಕೂರಲ್ಲ. ನಿವೃತ್ತಿ ಆದವರ ಕುರ್ಚಿ ಖಾಲಿ ಉಳೀತದೆ ಅಷ್ಟೆ. ಆ ಕುರ್ಚಿಗೆ ಬರಬೇಕಾಗಿದ್ದ ಹುಡುಗಿ ತನ್ನ ಕೆಲಸ ಹೋಯ್ತು ಅಂತ ಅಳೋಕೂ ಆಗಲ್ಲ, ಅವಳಿಗೆ ಅದು ಸಿಕ್ಕೇ ಇರಲಿಲ್ಲವಲ್ಲ.

ಬೇರೆ ದೇಶಗಳಲ್ಲಿ ಬಿಕ್ಕಟ್ಟು ಬಂದಾಗ ಜನ ಬೀದಿಗೆ ಬಂದದ್ದುಂಟು. ಇಂಡೋನೇಷ್ಯಾದಲ್ಲಿ 1998ರ ಮೇ ಆರಂಭದಲ್ಲಿ ಐಎಂಎಫ್ ಒಪ್ಪಂದದಂತೆ ಇಂಧನ ಸಬ್ಸಿಡಿ ಕಡಿದರು, 21ಕ್ಕೆ ಮೂರು ದಶಕದ ಸುಹಾರ್ತೊ ಆಳ್ವಿಕೆ ಮುಗಿದೇ ಹೋಯ್ತು. ಶ್ರೀಲಂಕಾದಲ್ಲಿ 2022ರ ಜುಲೈನಲ್ಲಿ ಜನ ಅಧ್ಯಕ್ಷರ ಮನೆಗೇ ನುಗ್ಗಿದರು. ಅಲ್ಲಿ ಪೆಟ್ಟು ಎಲ್ಲರಿಗೂ ಒಂದೇ ಸಲ ಬಿತ್ತು. ನಮ್ಮಲ್ಲಿ ಸುಧಾರಣೆ ಕಂತಿನಲ್ಲಿ ಬಂತು. ಒಂದು ವರ್ಷ ಒಂದು ಗಣಿ, ಇನ್ನೊಂದು ವರ್ಷ ಒಂದು ಮಿಲ್ಲು, ಮತ್ತೊಂದು ವರ್ಷ ಒಂದು ಇಲಾಖೆಯ ಡಿ ಗ್ರೂಪ್. ಪೆಟ್ಟು ತಿಂದವರು ಒಬ್ಬರಿಗೊಬ್ಬರು ಕಾಣಲೇ ಇಲ್ಲ.

ಕೋರ್ಟಿಗೆ ಹೋದವರ ಕಥೆಯೂ ಇದೆ. ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1980ರ ದಶಕದಿಂದ ದಿನಗೂಲಿ ಮಾಡಿದವರು ಕಾಯಂ ಮಾಡಿ ಅಂತ ಕೇಳಿದರು. 2006ರ ಏಪ್ರಿಲ್ 10ಕ್ಕೆ ಉಮಾದೇವಿ ಪ್ರಕರಣದ ತೀರ್ಪು ಬಂತು, ಐದು ನ್ಯಾಯಮೂರ್ತಿಗಳ ಪೀಠ. ಎಷ್ಟು ವರ್ಷ ದುಡಿದರೂ ತಾತ್ಕಾಲಿಕ ನೌಕರನಿಗೆ ಕಾಯಂ ಆಗೋ ಹಕ್ಕಿಲ್ಲ ಅಂತ ತೀರ್ಪು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಮೀರಿ ದುಡಿದವರಿಗೆ ಒಂದೇ ಸಲದ ವಿನಾಯಿತಿ ಕೊಟ್ಟರು. ಹಿಂಬಾಗಿಲ ನೇಮಕಾತಿ ಸಮಾನತೆಗೆ ವಿರುದ್ಧ ಅನ್ನೋ ಮಾತು ನಿಜವೇ, ಒಪ್ಪೋಣ. ಆದರೆ ಮುಂಬಾಗಿಲು ತೆಗೆಯಿರಿ ಅಂತ ಸರ್ಕಾರಕ್ಕೆ ಅಷ್ಟೇ ಗಟ್ಟಿಯಾಗಿ ಹೇಳಿದವರು ಯಾರು? ಸರ್ಕಾರಗಳು ಕಲಿತ ಪಾಠ ಬೇರೆ. ದಿನಗೂಲಿ ಇಟ್ಟುಕೊಂಡರೆ ತಾನೇ ಕೇಸು? ಏಜೆನ್ಸಿ ಮೂಲಕ ಇಟ್ಟುಕೊಂಡರೆ ಅವನು ನಮ್ಮವನೇ ಅಲ್ಲ.

ಪೌರಕಾರ್ಮಿಕರು ಮಾತ್ರ ಇದನ್ನ ಒಪ್ಪಲಿಲ್ಲ, ಅದಕ್ಕೇ ಅವರನ್ನ ಕಂಡರೆ ನನಗೆ ಗೌರವ. ಬಹುತೇಕ ಮಾದಿಗ ಹೆಣ್ಣುಮಕ್ಕಳು. ಗುತ್ತಿಗೆದಾರರ ಕೈಯಲ್ಲಿ ವರ್ಷಗಟ್ಟಲೆ ನರಳಿ, ಹೋರಾಡಿ ಮೊದಲು ನೇರ ವೇತನ ತಗೊಂಡರು. 2022ರ ಜುಲೈ 1ರಿಂದ ಪೊರಕೆ ಕೆಳಗಿಟ್ಟು ಕೂತರು, ನಾಲ್ಕು ದಿನದಲ್ಲಿ ಸರ್ಕಾರ ಕಾಯಂ ಮಾಡ್ತೀವಿ ಅಂದಿತು. 2025ರ ಮೇ ದಿನ ಬೆಂಗಳೂರಲ್ಲಿ 12 ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ಆದೇಶ ಸಿಕ್ಕಿತು. ಆದರೆ ಒಂದು ನೋಡಿ. 1930ರಲ್ಲಿ ನಮ್ಮವರು ಬೆರಳಚ್ಚು ಕೊಡಲ್ಲ ಅಂತ ಗಣಿ ನಿಲ್ಲಿಸಿದ್ದರು. ಬಯೋಮೆಟ್ರಿಕ್ ಬಂದ ಮೇಲೆ ಇದೇ ಹೆಣ್ಣುಮಕ್ಕಳು ಬೆಳಗಾಗೋಕೆ ಮೊದಲು ಯಂತ್ರಕ್ಕೆ ಬೆರಳು ಒತ್ತಬೇಕಾಯ್ತು. ಕಸ ಎತ್ತಿ ಎತ್ತಿ ಸವೆದ ಬೆರಳು.

ಮಿತ್ರರ ಪ್ರಶ್ನೆಯ ಇನ್ನೊಂದು ಭಾಗ, ಮೊಬೈಲು. ಹೌದು, ಮಾರುಕಟ್ಟೆ ನಮಗೆ ಏನೂ ಕೊಡಲಿಲ್ಲ ಅಂತ ನಾನು ಹೇಳಲಾರೆ. ಊರು ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ ನಮ್ಮ ಹುಡುಗಿಯರು ಗೌಡರ ಹೊಲದ ಕೂಲಿಯಿಂದ ತಪ್ಪಿಸಿಕೊಂಡರು. ಉದಾರೀಕರಣ ಜಾತಿಯನ್ನು ಸಡಿಲ ಮಾಡಿತು ಅಂತ ಚಂದ್ರಭಾನ್ ಪ್ರಸಾದ್ ಅವರಂಥ ನಮ್ಮವರೇ ವಾದ ಮಾಡ್ತಾರೆ, ಅದರಲ್ಲಿ ಹುರುಳಿದೆ. ಆದರೆ ಗೌಡನ ಹೊಲ ಬಿಟ್ಟು ಬಂದವಳು ಈಗ ಸೂಪರ್‌ವೈಸರ್ ಬೈದರೆ ಯಾರನ್ನ ಕೇಳಬೇಕು? ಖಾಸಗಿ ವಲಯದಲ್ಲಿ ಮೀಸಲಾತಿ ಬೇಕು ಅಂದರೆ 'ಮೆರಿಟ್' ಅಂತಾರೆ. 2009ರಲ್ಲಿ ಇದೇ ದೇಶ ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡಿತು. ಅಡ ಇಟ್ಟಿದ್ದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಖಜಾನೆ ಚೇತರಿಸಿಕೊಂಡಿತು, ಸಂತೋಷ. ಬಿಕ್ಕಟ್ಟು ಇದೆ ಅಂತ ಖಾಲಿ ಬಿಟ್ಟ ಹುದ್ದೆಗಳು ಬಿಕ್ಕಟ್ಟು ಮುಗಿದ ಮೇಲೆ ವಾಪಸ್ ಬಂದವಾ?

ನಾನು ಗುಮಾಸ್ತ. ಬಿಲ್ಲು ಬರೆಯೋದು ನನ್ನ ಕೆಲಸ. ಹದಿನೈದು ವರ್ಷದ ಹಿಂದೆ ನಮ್ಮ ಕಚೇರಿಯ ಡಿ ಗ್ರೂಪ್‌ನವರ ಸಂಬಳ ನಮ್ಮ ಸಂಬಳದ ಜೊತೆಗೇ ಒಂದೇ ವೇತನ ಬಿಲ್ಲಿನಲ್ಲಿ ಹೋಗ್ತಿತ್ತು. ಅದರಲ್ಲಿ ಅವರ ಹೆಸರಿರುತ್ತಿತ್ತು. ಈಗ ಹೋಗೋದು ಏಜೆನ್ಸಿಯ ಬಿಲ್ಲು, ಅದರಲ್ಲಿ ತಲೆ ಲೆಕ್ಕ ಮಾತ್ರ: ಸ್ವಚ್ಛತೆ 4, ಕಾವಲು 2. ಕಳೆದ ತಿಂಗಳು ಹದಿನೆಂಟನೇ ತಾರೀಖು, ನಮ್ಮ ಕೇರಿಯದೇ ಹುಡುಗ, ಡಿಗ್ರಿ ಆಗಿದೆ, ನೀರಿನ ಕ್ಯಾನ್ ಇಟ್ಟು ಮೇಜಿನ ಪಕ್ಕ ನಿಂತ.

"ಅಣ್ಣ, ನಮ್ಮ ಸಂಬಳ ಇನ್ನೂ ಆಗಿಲ್ಲ. ಯಾರನ್ನ ಕೇಳಬೇಕಣ್ಣ?"

ಬಿಲ್ಲು ನಾನೇ ಪಾಸಿಗೆ ಕಳಿಸಿದ್ದೆ, ಹತ್ತು ದಿನ ಆಗಿತ್ತು. "ಏಜೆನ್ಸಿಯವರನ್ನ ಕೇಳಪ್ಪ" ಅಂದೆ.

"ಅವರ ಆಫೀಸ್ ಎಲ್ಲಿದೆ ಅಣ್ಣ?"

ಫೈಲು ತೆಗೆದು ನೋಡಿದೆ. ಟೆಂಡರ್ ಕಾಗದದಲ್ಲಿ ಬೇರೆ ಜಿಲ್ಲೆಯ ವಿಳಾಸ ಇತ್ತು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ.